ನನ್ನಾಕೆಗೂ ನಿವೃತ್ತಿ ಸಿಕ್ಕಿತು

ಕೊಯಮತ್ತೂರಿನ ಈ ನಿವೃತ್ತರ ಬಡಾವಣೆಗೆ ಬಂದ ಮೊದಲ ದಿನ ಬೆಳಗ್ಗೆ ನನ್ನಾಕೆ ಎಂದಿನಂತೆ ಐದು ಗಂಟೆಗೆ ಎದ್ದಳು. ಮುಖ ತೊಳೆದು ಅಡುಗೆಮನೆಗೆ ಹೋದಳು. ಅಲ್ಲಿ ಒಂದು ಸಣ್ಣ ಕಟ್ಟೆ, ಒಂದು ಇಂಡಕ್ಷನ್ ಒಲೆ, ಹಾಲು ಕಾಯಿಸಲು ಒಂದು ಪಾತ್ರೆ. ಅಷ್ಟೇ. ಕಾಫಿ ಮಾಡಿದಳು. ಆಮೇಲೆ ಏನೂ ತೋಚದೆ ಕಟ್ಟೆಗೆ ಒರಗಿ ನಿಂತಳು. ಹಿಂದಿನ ರಾತ್ರಿ ಅಕ್ಕಿ, ಉದ್ದು ನೆನೆಹಾಕಿರಲಿಲ್ಲ. ತರಕಾರಿ ಹೆಚ್ಚಿಟ್ಟಿರಲಿಲ್ಲ. ಏಳೂವರೆಗೆ ಊಟದ ಹಾಲ್‌ನಲ್ಲಿ ಪೊಂಗಲ್ ಇರುತ್ತದೆ ಎಂದು ಬೋರ್ಡಿನಲ್ಲಿ ಬರೆದಿದ್ದರು. "ರೀ, ಈಗ ನಾನು ಏನ್ ಮಾಡ್ಲಿ?" ಎಂದು ಕೇಳಿದಳು. ಆಗ ಅವಳಿಗೆ 66 ವರ್ಷ. ಮದುವೆಯಾಗಿ 44 ವರ್ಷ ಆಗಿತ್ತು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ನಾನು ಬ್ಯಾಂಕಿನಿಂದ 60ಕ್ಕೆ ನಿವೃತ್ತನಾದೆ. ಹಾರ ಹಾಕಿದರು, ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಮರುದಿನದಿಂದ ಪೇಪರ್ ಹಿಡಿದು ವರಾಂಡದಲ್ಲಿ ಕೂತೆ. ಅವಳು ಒಳಗೆ ಒಲೆಯ ಮುಂದೆ ನಿಂತೇ ಇದ್ದಳು. ಮೊದಲಾದರೆ ಬೆಳಗ್ಗೆ ನನಗೆ ಡಬ್ಬಿ ಕಟ್ಟಿಕೊಟ್ಟರೆ ಸಂಜೆವರೆಗೆ ಸ್ವಲ್ಪ ಬಿಡುವು ಇರುತ್ತಿತ್ತು. ಈಗ ಮಧ್ಯಾಹ್ನಕ್ಕೂ ಬಿಸಿ ಅನ್ನ, ಬಿಸಿ ಸಾರು ಆಗಬೇಕು. ಸಂಜೆ ಕಾಫಿ ಜೊತೆಗೆ ಏನಾದರೂ ಬೇಕು. ನಾನು ನಿವೃತ್ತನಾಗಿ ಅವಳ ಕೆಲಸ ಜಾಸ್ತಿಯಾಯಿತು. ಅದು ನನ್ನ ಕಣ್ಣಿಗೆ ಬೀಳಲು ಮೈಸೂರು ಬಿಟ್ಟು ಕೊಯಮತ್ತೂರಿಗೆ ಬರಬೇಕಾಯಿತು.

ನಾವೀಗ ಇರುವುದು ಕೊಯಮತ್ತೂರಿನ ಹೊರವಲಯದಲ್ಲಿ, ಮರುದಮಲೆ ಬೆಟ್ಟ ಕಾಣುವ ದಿಕ್ಕಿನಲ್ಲಿ. ಇಂಥ ಜಾಗಗಳಿಗೆ ರಿಟೈರ್ಮೆಂಟ್ ಕಮ್ಯುನಿಟಿ, ಸೀನಿಯರ್ ಲಿವಿಂಗ್ ಎಂದೆಲ್ಲ ಹೆಸರಿದೆ. ನಾನು ನಿವೃತ್ತರ ಬಡಾವಣೆ ಅನ್ನುತ್ತೇನೆ. ಊರಿನ ನಂಟರು ಮಾತ್ರ ವೃದ್ಧಾಶ್ರಮ ಅಂತಲೇ ಅನ್ನುತ್ತಾರೆ. "ಮಕ್ಕಳು ನೋಡ್ಕೊಳ್ಳಲ್ವಾ?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ನಮ್ಮ ಮಕ್ಕಳು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಮಗ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ಇಬ್ಬರೂ ಬನ್ನಿ ಎಂದು ಕರೆದವರೇ. ನಾವು ಇಲ್ಲಿಗೆ ಬಂದದ್ದು ನಮ್ಮ ಇಷ್ಟದಿಂದ, ಕೈಕಾಲು ಗಟ್ಟಿಯಾಗಿದ್ದಾಗ.

ವೃದ್ಧಾಶ್ರಮ ಎಂಬ ಆ ಒಂದು ಮಾತಿನಿಂದ ನಮ್ಮ ಕಡೆ ಎಷ್ಟು ಹಿರಿಯರು ದೊಡ್ಡ ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಉಳಿದಿದ್ದಾರೆ ಎಂದು ನೆನೆದರೆ ಸಂಕಟವಾಗುತ್ತದೆ. ನನ್ನ ಅಣ್ಣ ಅವರಲ್ಲೊಬ್ಬ. ಶಿವಮೊಗ್ಗದಲ್ಲಿ ನಾಲ್ಕು ಕೋಣೆಯ ಮನೆ. ಅತ್ತಿಗೆ ಹೋದಮೇಲೆ ಅವನೊಬ್ಬನೇ. ಒಂದು ರಾತ್ರಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಫೋನ್ ಮಂಚದ ಮೇಲಿತ್ತು. ಬೆಳಗ್ಗೆ ಹಾಲಿನವನು ಬಂದು ಕರೆದಾಗ ಒಳಗಿನಿಂದ ಸಣ್ಣ ದನಿ ಕೇಳಿತು. ಬಾಗಿಲು ಒಡೆದು ಎತ್ತಿದರು. ಇಡೀ ರಾತ್ರಿ ಒದ್ದೆ ನೆಲದ ಮೇಲೆ ಮಲಗಿದ್ದ. ಆಪರೇಷನ್ ಆಯಿತು. ಆದರೆ ಅವನು ಮತ್ತೆ ಮೊದಲಿನಂತೆ ಓಡಾಡಲಿಲ್ಲ. ಹನ್ನೊಂದು ತಿಂಗಳಿಗೆ ಹೋಗಿಬಿಟ್ಟ. ಅಕ್ಕಪಕ್ಕದವರು ಒಳ್ಳೆಯವರೇ. ಮಕ್ಕಳೂ ಒಳ್ಳೆಯವರೇ. ರಾತ್ರಿ ಹತ್ತೂವರೆಗೆ ಆ ಬಚ್ಚಲಿನ ಹತ್ತಿರ ಯಾರೂ ಇರಲಿಲ್ಲ, ಅಷ್ಟೇ.

ಇಲ್ಲಿ ನಮ್ಮ ಬಚ್ಚಲಲ್ಲಿ ಜಾರದ ನೆಲ ಇದೆ. ಗೋಡೆಗೆ ಕಂಬಿ ಹಾಕಿದ್ದಾರೆ. ಬಾಗಿಲು ಹೊರಕ್ಕೆ ತೆರೆಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಮೈ ಬಾಗಿಲಿಗೆ ಅಡ್ಡವಾಗಬಾರದಲ್ವಾ, ಅದಕ್ಕೆ. ಹೊಸ್ತಿಲುಗಳೇ ಇಲ್ಲ. ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು. ಮಂಚದ ಪಕ್ಕ ಒಂದು, ಬಚ್ಚಲಲ್ಲಿ ಒಂದು ಕೆಂಪು ಹಗ್ಗ ನೇತಾಡುತ್ತದೆ. ಬಚ್ಚಲಿನ ಹಗ್ಗ ನೆಲದವರೆಗೂ ಇಳಿಬಿದ್ದಿದೆ. ಬಿದ್ದವರ ಕೈಗೂ ಎಟುಕಬೇಕು ಅಂತ. ಎಳೆದರೆ ನರ್ಸ್ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಮೊದಲ ಸಲ ಆ ಹಗ್ಗ ನೋಡಿದಾಗ ನಾನು ಅಣ್ಣನನ್ನು ನೆನೆದು ಸುಮ್ನೆ ನಿಂತುಬಿಟ್ಟೆ. ಎಂಥ ಸಣ್ಣ ವಸ್ತು ಅದು.

ಇಂಥದ್ದೆಲ್ಲ ಇರಬೇಕು ಎಂದು ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆಂದೇ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಅಂದರೆ ಸಲಹೆ. ಅದನ್ನು ನಿಯಮವಾಗಿ ಮಾಡಿ ಜಾರಿಗೆ ತರುವುದು ಆಯಾ ರಾಜ್ಯದ ಕೆಲಸ. ಆದ್ದರಿಂದ ಮನೆ ನೋಡಲು ಹೋದಾಗ ಕಂಬಿಯನ್ನು ನಾವೇ ಹಿಡಿದು ಎಳೆದು ನೋಡಬೇಕು. ಹಗ್ಗವನ್ನು ಎಳೆದು, ಎಷ್ಟು ಹೊತ್ತಿಗೆ ಜನ ಬರುತ್ತಾರೆ ಎಂದು ಗಡಿಯಾರ ನೋಡಬೇಕು. ನಾವು ಹಾಗೇ ಮಾಡಿದೆವು. ಮೂರು ಕಡೆ ನೋಡಿದೆವು. ಒಂದು ಕಡೆ ಹತ್ತು ನಿಮಿಷವಾದರೂ ಯಾರೂ ಬರಲಿಲ್ಲ. ಅಲ್ಲಿಂದ ನಮಸ್ಕಾರ ಹೇಳಿ ಹೊರಟುಬಂದೆವು.

ಈ ಯೋಚನೆ ನನ್ನ ತಲೆಗೆ ಮೊದಲು ಬಂದದ್ದು ಭಾರತದಲ್ಲಿ ಅಲ್ಲ. 2017ರಲ್ಲಿ ಮಗನ ಮನೆಗೆ ಹೋಗಿದ್ದೆವು. ಫೀನಿಕ್ಸ್ ಪಕ್ಕದಲ್ಲೇ ಸನ್ ಸಿಟಿ ಎಂಬ ಊರಿದೆ. ಮಗನ ಜೊತೆ ಕೆಲಸ ಮಾಡುವವರೊಬ್ಬರ ತಂದೆ ತಾಯಿ ಅಲ್ಲಿದ್ದರು. ಒಂದು ಭಾನುವಾರ ಊಟಕ್ಕೆ ಕರೆದರು. ಆ ಊರಿನ ಕತೆಯೇ ವಿಶೇಷ. ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಡೆಲ್ ವೆಬ್ ಎಂಬ ಕಟ್ಟಡ ಗುತ್ತಿಗೆದಾರ ನಿವೃತ್ತರಿಗೆಂದೇ ಒಂದು ಊರು ಕಟ್ಟಿದ. 1960ರ ಜನವರಿ 1ರಂದು ಅದನ್ನು ತೆರೆದ. ಮುದುಕರಿಗೆ ಮಾತ್ರ ಅಂತ ಊರು ಕಟ್ಟಿದರೆ ಯಾರು ಬರುತ್ತಾರೆ ಎಂದು ಜನ ಅನುಮಾನ ಪಟ್ಟಿದ್ದರು. ಆ ಮೊದಲ ವಾರಾಂತ್ಯದಲ್ಲಿ ಸುಮಾರು ಒಂದು ಲಕ್ಷ ಜನ ನೋಡಲು ಬಂದರು. ಮನೆಗಳ ಜೊತೆಗೆ ಗಾಲ್ಫ್ ಮೈದಾನ, ಅಂಗಡಿಗಳು, ಆಟ ಮತ್ತು ಕೈಕೆಲಸಕ್ಕೆ ಕೇಂದ್ರ ಎಲ್ಲವೂ ಮೊದಲ ದಿನವೇ ಸಿದ್ಧವಾಗಿದ್ದವು. ಬರೀ ನಕ್ಷೆ ತೋರಿಸಿ ಮಾರಲಿಲ್ಲ. ನಮ್ಮ ಬಿಲ್ಡರ್‌ಗಳು ಕಲಿಯಬೇಕಾದ ಮೊದಲ ಪಾಠ ಅದು.

ನಾವು ಹೋದ ಮನೆಯ ಯಜಮಾನರಿಗೆ 84. ಮರಗೆಲಸದ ಶೆಡ್ಡಿನಿಂದ ಆಗ ತಾನೇ ಬಂದಿದ್ದರು, ಅಂಗಿಯ ಮೇಲೆ ಮರದ ಹೊಟ್ಟು. ಅವರ ಹೆಂಡತಿ ವಾರಕ್ಕೆ ನಾಲ್ಕು ದಿನ ಈಜುತ್ತಿದ್ದರು. ಆ ಊರಿಗೆ ನಗರಸಭೆ ಇಲ್ಲ. ರಸ್ತೆ ಬದಿಯ ಕಸ ಹೆಕ್ಕಲು, ಗಿಡ ಕತ್ತರಿಸಲು ಅಲ್ಲಿಯ ಹಿರಿಯರದೇ ಸ್ವಯಂಸೇವಕರ ಗುಂಪಿದೆ. ಮಕ್ಕಳು ಇಪ್ಪತ್ತು ನಿಮಿಷದ ದಾರಿಯಲ್ಲೇ ಇದ್ದರು. ಬರುತ್ತಿದ್ದರು, ಹೋಗುತ್ತಿದ್ದರು. ಯಾರ ಮುಖದಲ್ಲೂ ತಪ್ಪು ಮಾಡಿದ ಭಾವ ಇರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಉಳಿಯಿತು.

ಆದರೆ ನನ್ನಾಕೆ ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತು ಹೇಳಿದಳು. "ಅವರು ನಮಗೋಸ್ಕರ ಬೆಳಗ್ಗಿಂದ ಅಡುಗೆ ಮಾಡಿದಾರೆ. 81 ವರ್ಷ ಅವರಿಗೆ. ನಿಂತು ನಿಂತು ಕಾಲು ಊದಿತ್ತು, ನೋಡಿದ್ರಾ?" ನಾನು ನೋಡಿರಲಿಲ್ಲ. ಸನ್ ಸಿಟಿಯಲ್ಲಿ ಪ್ರತಿ ಮನೆಯೂ ಬೇರೆ, ಪ್ರತಿ ಮನೆಯ ಒಲೆಯೂ ಬೇರೆ. ಅಮೆರಿಕದವರು ಆಟದ ಮೈದಾನದ ಸುತ್ತ ಊರು ಕಟ್ಟಿದರು. ಭಾರತದಲ್ಲಿ ಇದು ಬೆಳೆದದ್ದು ಊಟದ ಹಾಲ್ ಮತ್ತು ಡಾಕ್ಟರ ಕೋಣೆಯ ಸುತ್ತ. ನಮ್ಮ ಜಾಗವನ್ನು ನೋಡಿದರೆ ಗೊತ್ತಾಗುತ್ತದೆ. ನಟ್ಟನಡುವೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಊಟದ ಹಾಲ್, ಎದುರಿಗೆ ಕ್ಲಿನಿಕ್. ಮನೆಗಳೆಲ್ಲ ಅದರ ಸುತ್ತ. ಈ ಒಂದು ವಿಷಯದಲ್ಲಿ ನಮ್ಮವರು ಅವರಿಗಿಂತ ಚೆನ್ನಾಗಿ ಯೋಚಿಸಿದ್ದಾರೆ ಎಂದು ನನ್ನ ಅಭಿಪ್ರಾಯ. ಅವರ ಕ್ಲಬ್ಬುಗಳು ನಮಗಿಂತ ಮುಂದು. ಅಲ್ಲಿ ನೂರಕ್ಕೂ ಜಾಸ್ತಿ ಇವೆ. ನಮ್ಮಲ್ಲಿ ಭಜನೆ, ಕೇರಂ, ನಡಿಗೆಯ ಗುಂಪು, ಸ್ವಲ್ಪ ತೋಟ. ಇನ್ನೂ ಬೆಳೆಯಬೇಕು.

ಇನ್ನೊಂದು ವ್ಯತ್ಯಾಸ ಹೇಳಲೇಬೇಕು. ಸನ್ ಸಿಟಿಯಲ್ಲಿ 55 ದಾಟಿದವರು ಮನೆಗೊಬ್ಬರಾದರೂ ಇರಬೇಕು. 19 ವರ್ಷದೊಳಗಿನವರು ವರ್ಷಕ್ಕೆ 90 ದಿನಕ್ಕಿಂತ ಜಾಸ್ತಿ ಉಳಿಯುವ ಹಾಗಿಲ್ಲ. ವಯಸ್ಸಿನ ಈ ಮಿತಿಗೆ ಅಮೆರಿಕದ ಕಾನೂನಿನಲ್ಲೇ ಜಾಗ ಇದೆ. ಅಲ್ಲಿ ಬೀದಿಯಲ್ಲಿ ನಡೆದಾಗ ಮಕ್ಕಳ ದನಿಯೇ ಕೇಳಲಿಲ್ಲ. ನನಗೆ ಅದು ಹಿಡಿಸಲಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳು ಬಂತೆಂದರೆ ಮೊಮ್ಮಕ್ಕಳ ದಂಡೇ ಇಳಿಯುತ್ತದೆ. ಊಟದ ಹಾಲ್‌ನಲ್ಲಿ ಮಕ್ಕಳಿಗೆಂದು ಖಾರ ಕಡಿಮೆ ಮಾಡುತ್ತಾರೆ. ಗದ್ದಲವೋ ಗದ್ದಲ. ದೂರುವವರೂ ಇದ್ದಾರೆ. ಆದರೆ ಜೂನ್‌ನಲ್ಲಿ ಅವರು ಹೊರಟುಹೋದಾಗ ದೂರಿದವರೇ ಮೊದಲು ಬೇಜಾರು ಮಾಡಿಕೊಳ್ಳುವುದು.

ಹಾಗಾದರೆ ಕೊಯಮತ್ತೂರೇ ಯಾಕೆ ಎಂದು ಕೇಳುತ್ತಾರೆ. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಅನ್ನುತ್ತಿದ್ದರು. ನಾವೂ ಅದನ್ನು ನಂಬಿ ಕುವೆಂಪುನಗರದಲ್ಲಿ ಮನೆ ಕಟ್ಟಿದೆವು. ನಮ್ಮ ಕಡೆಯ ರೀತಿ ನಿಮಗೆ ಗೊತ್ತಲ್ವಾ. ಕೆಲಸದಲ್ಲಿರುವಾಗ ಒಂದು ಸೈಟು, ನಿವೃತ್ತಿಯ ಹಣ ಕೈಗೆ ಬರುವ ಹೊತ್ತಿಗೆ ಎರಡು ಮಹಡಿಯ ಮನೆ. ಕೆಳಗೆ ನಾವು, ಮೇಲೆ ಮಗ. ನಮ್ಮ ರಸ್ತೆಯಲ್ಲಿ ಹನ್ನೆರಡು ಮನೆ, ಎಂಟು ಮನೆಗಳ ಮೇಲಿನ ಮಹಡಿ ಬೀಗ ಹಾಕಿಯೇ ಇತ್ತು. ಮಗ ಬರಲಿಲ್ಲ, ಬಾಡಿಗೆಗೆ ಕೊಡಲು ಮನಸ್ಸಿಲ್ಲ. ಗುಡಿಸಲು ಮಾತ್ರ ನಾವೇ ಮೆಟ್ಟಿಲು ಹತ್ತಬೇಕು. ಮಂಡಿ ನೋವಿನ ಮೇಲೆ ನನ್ನಾಕೆ ವಾರಕ್ಕೊಂದು ಸಲ ಹತ್ತಿ ಆ ಖಾಲಿ ಕೋಣೆಗಳನ್ನು ಒರೆಸುತ್ತಿದ್ದಳು.

ಕೊರೊನಾ ಬಂದಾಗ ಆ ಮನೆ ನಮಗೆ ಭಾರವಾಯಿತು. 2021ರ ಮೇ ತಿಂಗಳಲ್ಲಿ ಇಬ್ಬರಿಗೂ ಜ್ವರ. ಯಾರೂ ಒಳಗೆ ಬರುವ ಹಾಗಿಲ್ಲ. ಎದುರು ಮನೆಯವರು ಗೇಟಿಗೆ ಊಟದ ಚೀಲ ಸಿಕ್ಕಿಸಿ ಹೋಗುತ್ತಿದ್ದರು, ಅವರ ಋಣ ದೊಡ್ಡದು. ಮಗಳು ದಿನಕ್ಕೆ ಹತ್ತು ಸಲ ಫೋನ್ ಮಾಡಿ ಆಕ್ಸಿಜನ್ ಎಷ್ಟಿದೆ ಎಂದು ಕೇಳಿ ಅಳುತ್ತಿದ್ದಳು. ಗುಣವಾದ ಮೇಲೆ ನಾನು, ನನ್ನಾಕೆ ಒಂದು ಸಂಜೆ ಕೂತು ತೀರ್ಮಾನ ಮಾಡಿದೆವು. ಆರು ತಿಂಗಳಲ್ಲಿ ಇಲ್ಲಿಗೆ ಬಂದೆವು.

ಮಗಳ ಮನೆಗೆ ಹೋಗಬಹುದಿತ್ತು. ಬೆಂಗಳೂರಿನಲ್ಲಿ ಹದಿನಾಲ್ಕನೇ ಮಹಡಿಯ ಫ್ಲ್ಯಾಟು. ಬೆಳಗ್ಗೆ ಎಂಟಕ್ಕೆ ಮಗಳು, ಅಳಿಯ, ಮೊಮ್ಮಗಳು ಹೊರಟರೆ ಬರುವುದು ಕತ್ತಲಾದ ಮೇಲೆ. ಒಂದು ತಿಂಗಳು ಇದ್ದು ನೋಡಿದೆವು. ಹಗಲೆಲ್ಲ ನಾವಿಬ್ಬರೇ. ಮಗಳಿಗೆ ಸುಸ್ತು ಅಂತ ಅಲ್ಲಿಯೂ ರಾತ್ರಿ ಅಡುಗೆ ನನ್ನಾಕೆಯದೇ.

ಕರ್ನಾಟಕದಲ್ಲಿ ಇಂಥ ಬಡಾವಣೆಗಳು ಇಲ್ಲವೆಂದಲ್ಲ. ಬೆಂಗಳೂರಿನ ಸುತ್ತ, ದೇವನಹಳ್ಳಿಯ ಕಡೆ ಇವೆ. ನಮ್ಮ ಪಿಂಚಣಿಗೆ ಅವು ಎಟುಕಲಿಲ್ಲ. ಮೈಸೂರಿನಲ್ಲಿ ನಾವು ಹುಡುಕಿದಾಗ ನಮಗೆ ಹೊಂದುವಂಥದ್ದು ಸಿಗಲಿಲ್ಲ. ಕೊಯಮತ್ತೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಇವು ಒಂದರ ಹಿಂದೆ ಒಂದು ಎದ್ದಿವೆ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಗೆ ಊರು ತಂಪು. ಕುಡಿಯಲು ಸಿರುವಾಣಿಯ ನೀರು, ಬಾಯಿಗೆ ಸಿಹಿಯಾಗಿಯೇ ಇರುತ್ತದೆ. ಕಣ್ಣಿಗೆ, ಮೂಳೆಗೆ, ಹೃದಯಕ್ಕೆ ಒಳ್ಳೆಯ ಆಸ್ಪತ್ರೆಗಳಿವೆ. ಚೆನ್ನೈನ ಬಿಸಿಲು ಬೇಡವೆಂದವರು ಮೊದಲು ಬಂದರು. ಅವರನ್ನು ನೋಡಿ ಉಳಿದವರು. 2011ರ ಜನಗಣತಿಯಲ್ಲಿ 60 ದಾಟಿದವರು ಕರ್ನಾಟಕದಲ್ಲಿ ನೂರಕ್ಕೆ 9.5, ತಮಿಳುನಾಡಿನಲ್ಲಿ 10.4. ದೊಡ್ಡ ಅಂತರ ಅಲ್ಲ. ಆದರೆ ಇಲ್ಲಿಯವರು ವಯಸ್ಸಾಗುವುದರ ಬಗ್ಗೆ ನಮಗಿಂತ ಮೊದಲೇ ಲೆಕ್ಕ ಹಾಕಲು ಕೂತರು. ಊಟದ ಮೇಜಿನಲ್ಲಿ ಇಲ್ಲಿಯವರು "ನಾನು ಹೋದಮೇಲೆ ಇವಳು ಎಲ್ಲಿರಬೇಕು" ಎಂದು ಹೆಂಡತಿಯ ಎದುರೇ ಮಾತಾಡುತ್ತಾರೆ. ನಮ್ಮ ಮನೆಗಳಲ್ಲಿ ಆ ಮಾತು ಎತ್ತಿದರೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತೇವೆ.

ಲಾಭಗಳಲ್ಲಿ ದೊಡ್ಡದು ಯಾವುದು ಎಂದರೆ ನಾನು ಮತ್ತೆ ಊಟದ ಹಾಲ್ ಅನ್ನೇ ತೋರಿಸುತ್ತೇನೆ. ಬರೀ ಊಟಕ್ಕೋಸ್ಕರ ಅಲ್ಲ. ದಿನಕ್ಕೆ ಮೂರು ಸಲ ಮನುಷ್ಯರ ಮುಖ ನೋಡುವುದು ಅಲ್ಲಿಯೇ. ಬೆಳಗ್ಗೆ ಒಂಬತ್ತರೊಳಗೆ ಒಬ್ಬರು ತಿಂಡಿಗೆ ಬರಲಿಲ್ಲ ಎಂದರೆ ಮೇಜಿನವರೇ ಕೇಳುತ್ತಾರೆ. ಆಫೀಸಿನಿಂದ ಫೋನ್ ಹೋಗುತ್ತದೆ. ಫೋನ್ ಎತ್ತದಿದ್ದರೆ ಕೀಲಿ ಹಿಡಿದು ಹೋಗುತ್ತಾರೆ. ಹೋದ ವರ್ಷ ನಮ್ಮ ಎದುರಿನ ಮೇಜಿನಲ್ಲಿ ಕೂರುವ 76ರ ರೈಲ್ವೆ ನಿವೃತ್ತರೊಬ್ಬರು ರಾತ್ರಿ ಊಟಕ್ಕೆ ಕೂತಿದ್ದರು. ಚಮಚ ಎತ್ತಲು ಹೋದರು, ಕೈ ಏಳಲಿಲ್ಲ. ಅವರಿಗೇ ಅದು ಗೊತ್ತಾಗಲಿಲ್ಲ. ಎದುರು ಕೂತಿದ್ದವರು "ಸಾರ್, ನಿಮ್ಮ ಬಾಯಿ ಒಂದು ಕಡೆ ವಾಲಿದೆ" ಎಂದು ಕೂಗಿದರು. ನರ್ಸ್ ಓಡಿ ಬಂದಳು. ನಲವತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದರು. ಮೆದುಳಿನ ರಕ್ತನಾಳ ಕಟ್ಟಿ ಸ್ಟ್ರೋಕ್ ಆದರೆ, ಹೆಪ್ಪು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ, ಅದೇ ಕೈಯಲ್ಲಿ ಊಟ ಮಾಡುತ್ತಾರೆ. ಮನೆಯಲ್ಲಿ ಒಬ್ಬರೇ ಟಿವಿ ಮುಂದೆ ತಟ್ಟೆ ಹಿಡಿದು ಕೂತಿದ್ದರೆ ಬಾಯಿ ವಾಲಿದ್ದು ಯಾರಿಗೆ ಕಾಣಬೇಕು?

ರುಚಿಯ ಮಾತು ಬೇರೆ. ಇಲ್ಲಿಯ ಸಾಂಬಾರಿಗೆ ನಮ್ಮ ಹುಳಿಯ ಘಮ ಇಲ್ಲ. ಬಿಸಿಬೇಳೆಬಾತ್ ಎಂದು ಬಡಿಸಿದ್ದು ಸಾಂಬಾರ್ ಸಾದಂ ಆಗಿತ್ತು. ಮೊದಲ ತಿಂಗಳು ರಾಗಿಮುದ್ದೆ ಇಲ್ಲದೆ ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತಿರಲಿಲ್ಲ. ಆಮೇಲೆ ನನ್ನಾಕೆ ಅಡುಗೆಯವರಿಗೆ ಹೇಳಿಕೊಟ್ಟಳು. ಹೇಳಿಕೊಟ್ಟಳು ಅಷ್ಟೇ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು. ಈಗ ತಿಂಗಳಿಗೆ ಎರಡು ಶುಕ್ರವಾರ ಮುದ್ದೆ, ಬಸ್ಸಾರು. ತಮಿಳರೂ ಹಾಕಿಸಿಕೊಳ್ಳುತ್ತಾರೆ.

ಭಾಷೆಯ ಬಗ್ಗೆ ನನಗೆ ತುಂಬಾ ಭಯ ಇತ್ತು. ಹೊರನಾಡಿಗೆ ಹೋಗಿ ಕೊನೆಗಾಲದಲ್ಲಿ ಮಾತಿಲ್ಲದೆ ಸಾಯಬೇಕಾ ಎಂದು. ಬಂದಮೇಲೆ ಗೊತ್ತಾಯಿತು, ಕೊಯಮತ್ತೂರು ಕನ್ನಡಕ್ಕೆ ಹೊರಗಿನ ಊರೇ ಅಲ್ಲ. 1799ರವರೆಗೆ ಈ ಸೀಮೆ ಮೈಸೂರಿಗೇ ಸೇರಿತ್ತು. ನೇಯ್ಗೆಯ ದೇವಾಂಗದವರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ. ಒಕ್ಕಲಿಗರ ಊರುಗಳೂ ಇವೆ. ಸತ್ಯಮಂಗಲ ದಾಟಿ ದಿಂಬಂ ಘಾಟಿನ 27 ತಿರುವು ಹತ್ತಿದರೆ ತಾಳವಾಡಿ, ಅಲ್ಲಿ ಕನ್ನಡವೇ ಕನ್ನಡ. ಅದರಾಚೆ ಚಾಮರಾಜನಗರ. 2023ರ ಡಿಸೆಂಬರ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ರೈಲೂ ಇದೆ. ಮಗಳು ಬರುವುದು ಅದರಲ್ಲೇ.

ನಮ್ಮ ಬಡಾವಣೆಯ ಆರೈಕೆ ವಿಭಾಗದಲ್ಲಿ ಹಾಸನದ ಕಡೆಯ ಒಬ್ಬರು ಅಜ್ಜಿ ಇದ್ದಾರೆ. 86 ವರ್ಷ. ಮಗ ಇಲ್ಲೇ ಕಾರ್ಖಾನೆಯಲ್ಲಿ ಇದ್ದವನು. ಅಜ್ಜಿಗೆ ಮರೆವಿನ ಕಾಯಿಲೆ. ನಲವತ್ತು ವರ್ಷ ಈ ಊರಲ್ಲಿದ್ದು ಕಲಿತ ತಮಿಳು ಪೂರ್ತಿ ಹೋಗಿಬಿಟ್ಟಿದೆ. ಇಂಗ್ಲಿಷ್ ಹೋಗಿದೆ. ಉಳಿದಿರುವುದು ಚಿಕ್ಕಂದಿನ ಕನ್ನಡ ಒಂದೇ. ನರ್ಸ್‌ಗಳು ತಮಿಳಿನಲ್ಲಿ ಊಟ ಮಾಡಿ ಎಂದರೆ ಬೆದರಿ ತಟ್ಟೆ ತಳ್ಳುತ್ತಿದ್ದರು. ಆಮೇಲೆ ತಾಳವಾಡಿಯಿಂದ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು. ಅವಳು ಮೊದಲ ದಿನವೇ ಮಂಚದ ಪಕ್ಕ ಕೂತು, "ಬಾರವ್ವ, ಒಂದ್ ತುತ್ತು ಉಣ್ಣು" ಎಂದಳು. ಅಜ್ಜಿ ಬಾಯಿ ತೆರೆದರು. ನಾನು ಬಾಗಿಲಲ್ಲೇ ಇದ್ದೆ. ಈಗ ಆ ಹುಡುಗಿ ರಜೆ ಹಾಕಿದ ದಿನ ನನ್ನಾಕೆ ಹೋಗಿ ಕೂರುತ್ತಾಳೆ.

ಅದಕ್ಕೇ ನಾನು ಕರ್ನಾಟಕದಲ್ಲಿ ಇವು ಬೇಕು ಎಂದು ಹಟ ಹಿಡಿದು ಹೇಳುವುದು. ಮೈಸೂರು, ಶಿವಮೊಗ್ಗ, ಹಾಸನ, ಧಾರವಾಡದಂಥ ಊರುಗಳಲ್ಲಿ. ನಾನು ಬ್ಯಾಂಕಿನ ವರ್ಗಾವಣೆಯಿಂದ ನಾಲ್ಕು ಭಾಷೆ ಕಲಿತವನು, ಹೇಗೋ ಹೊಂದಿಕೊಂಡೆ. ಹುಟ್ಟಿದ ಊರು ಬಿಟ್ಟು ಹೊರಗೆ ಕಾಲಿಡದ ತಾಯಂದಿರು ಏನು ಮಾಡಬೇಕು? ಅವರ ಮಾತು ಗೊತ್ತಿರುವ ಕೈಗಳು ಅವರ ಊರಿನ ಹತ್ತಿರವೇ ಇರಬೇಕು.

ಹಣದ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಮೈಸೂರಿನ ಮನೆ ಮಾರಿ ಇಲ್ಲಿ ಎರಡು ಕೋಣೆಯ ಮನೆ ಕೊಂಡೆವು. ಉಳಿದದ್ದು ಠೇವಣಿ. ಊಟ, ನಿರ್ವಹಣೆ, ಕಸ ಗುಡಿಸಿ ಒರೆಸುವುದು, ನರ್ಸ್ ಸೇವೆ ಎಲ್ಲ ಸೇರಿ ಇಬ್ಬರಿಗೆ ತಿಂಗಳಿಗೆ 38,000 ರೂಪಾಯಿ ಹತ್ತಿರ ಆಗುತ್ತದೆ. ಬಂದಾಗ 29,000 ಇತ್ತು. ಪಿಂಚಣಿ ಅಷ್ಟು ಬೇಗ ಏರುವುದಿಲ್ಲ. ನಿವಾಸಿಗಳ ಸಂಘದ ನಿರ್ವಹಣಾ ಶುಲ್ಕ ತಿಂಗಳಿಗೆ 7,500 ದಾಟಿದರೆ ನೂರಕ್ಕೆ 18 ಜಿಎಸ್‌ಟಿ ಬೀಳುತ್ತದೆ. ಐಷಾರಾಮಿ ಫ್ಲ್ಯಾಟಿನವರಿಗೂ, ಕಂಬಿ ಹಿಡಿದು ನಡೆಯುವ ನಮಗೂ ಒಂದೇ ತೆರಿಗೆ. ಇದು ಅನ್ಯಾಯ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಒಮ್ಮೆ ಊಟದ ಗುತ್ತಿಗೆ ಬದಲಾಗಿ ಮೂರು ತಿಂಗಳು ಊಟ ಬಹಳ ಕೆಟ್ಟಿತ್ತು. ಅನ್ನ ಬೆಂದಿರುತ್ತಿರಲಿಲ್ಲ. ದೂರು ಕೊಟ್ಟರೆ ನಡೆಸುವವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಿವಾಸಿಗಳ ಸಂಘ ಸಭೆ ಸೇರಿ, ಲೆಕ್ಕಪತ್ರ ಕೇಳಿ, ಗುತ್ತಿಗೆ ಬದಲಿಸಿತು. ಅಲ್ಲಿದ್ದ ಲೆಕ್ಕ ಪರಿಶೋಧಕರಿಗೆ 79, ವಕೀಲರಿಗೆ 82. ಇಂಥ ಜಾಗ ಆರಿಸುವವರು ಮನೆಯ ಅಂದಕ್ಕಿಂತ ಮೊದಲು ಇದನ್ನು ಕೇಳಬೇಕು: ಬಿಲ್ಡರ್ ಮನೆಗಳನ್ನು ಮಾರಿ ಹೋದಮೇಲೆ ನಡೆಸುವವರು ಯಾರು? ಸಂಘಕ್ಕೆ ಅವರನ್ನು ಬದಲಿಸುವ ಹಕ್ಕು ಇದೆಯಾ? ಹಾಸಿಗೆ ಹಿಡಿದರೆ ಇಲ್ಲೇ ಇಟ್ಟುಕೊಳ್ಳುತ್ತಾರಾ, ಬೇರೆ ಕಡೆ ಕಳಿಸುತ್ತಾರಾ? ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರಿಗೆ ಶುಲ್ಕ ಎಷ್ಟು? ಮಕ್ಕಳಿಗೆ ಮನೆ ಸಿಕ್ಕಾಗ ಅವರಿಗೆ ವಯಸ್ಸಾಗಿರದಿದ್ದರೆ ಏನು ಮಾಡಬೇಕು, ಬಾಡಿಗೆಗೆ ಕೊಡಬಹುದಾ? ಎಲ್ಲ ಉತ್ತರವೂ ಕಾಗದದ ಮೇಲೆ ಬರಬೇಕು.

ಪಿಂಚಣಿ ಇಲ್ಲದವರ ಮಾತೇ ಬೇರೆ. ನಮ್ಮ ಮೈಸೂರಿನ ಮನೆಗೆ ಹೂವು ಕೊಡುತ್ತಿದ್ದ ಅಜ್ಜಿಗೆ ಇಲ್ಲಿ ಜಾಗ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಕಟ್ಟಬಹುದು ಎನ್ನುತ್ತದೆ. ಕಟ್ಟಬಹುದು ಎಂದಿದೆ, ಕಟ್ಟಲೇಬೇಕು ಎಂದಿಲ್ಲ. ಆ ಒಂದು ಪದ ಬದಲಾಗಬೇಕು. ಕೆಂಪು ಹಗ್ಗ ಹೂವಿನಜ್ಜಿಯ ಮಂಚದ ಪಕ್ಕವೂ ಇರಬೇಕು. ತೊಂದರೆಯಲ್ಲಿರುವ ಯಾವ ಹಿರಿಯರಾದರೂ 14567ಕ್ಕೆ ಫೋನ್ ಮಾಡಬಹುದು. ಈ ಸಹಾಯವಾಣಿಯ ಸಂಖ್ಯೆಯನ್ನು ನಿಮ್ಮ ಮನೆಯ ಹಿರಿಯರ ಫೋನಿಗೆ ಇವತ್ತೇ ಹಾಕಿಕೊಡಿ.

ಇನ್ನೊಂದನ್ನು ನನ್ನ ವಯಸ್ಸಿನವರಿಗೆ ಹೇಳಬೇಕು. ಬರುವುದಾದರೆ ಕಾಲು ಗಟ್ಟಿಯಿರುವಾಗ ಬನ್ನಿ. ಇಲ್ಲಿ ಬಿದ್ದು ಮೂಳೆ ಮುರಿದ ಮೇಲೆ ಬಂದವರನ್ನು ನೋಡಿದ್ದೇನೆ. ಮಕ್ಕಳು ಆಂಬುಲೆನ್ಸಿನಲ್ಲಿ ತಂದು ಇಳಿಸುತ್ತಾರೆ. ಅವರಿಗೆ ಇದು ಆಸ್ಪತ್ರೆಯಾಗಿಯೇ ಉಳಿಯುತ್ತದೆ. ಗೆಳೆತನ ಬೆಳೆಯಲು ನಡೆದಾಡಬೇಕು, ಒಟ್ಟಿಗೆ ಸಂತೆಗೆ ಹೋಗಬೇಕು, ಪೇರೂರಿನ ದೇವಸ್ಥಾನಕ್ಕೆ ಹೋಗಿ ಬರಬೇಕು. 65ರಲ್ಲಿ ಬಂದು ನಾಲ್ಕು ಜನರನ್ನು ಮಾಡಿಕೊಂಡವರು 80ರಲ್ಲಿ ಹಾಸಿಗೆ ಹಿಡಿದರೆ ಮಂಚದ ಸುತ್ತ ಆ ನಾಲ್ಕು ಜನ ಕೂತಿರುತ್ತಾರೆ. ನಾವು 69 ಮತ್ತು 66ಕ್ಕೆ ಬಂದೆವು. ಇನ್ನೂ ಮೂರು ವರ್ಷ ಮುಂಚೆ ಬರಬೇಕಿತ್ತು ಎಂದು ನನ್ನಾಕೆ ಅನ್ನುತ್ತಾಳೆ.

ಈಗ ಅವಳಿಗೆ 70. ಮೊದಲ ದಿನ ಕೇಳಿದ ಪ್ರಶ್ನೆಯನ್ನು ಅವಳು ಮತ್ತೆ ಕೇಳಿಲ್ಲ. ಆರು ತಿಂಗಳು ಸುಮ್ನೆ ನಡೆದಾಡಿದಳು, ಮಧ್ಯಾಹ್ನ ನಿದ್ದೆ ಮಾಡಿದಳು. ಹಗಲು ನಿದ್ದೆ ಮಾಡಿದ್ದನ್ನು ಅದಕ್ಕೂ ಮೊದಲು ನಾನು ಕಂಡದ್ದು ಬಾಣಂತನದಲ್ಲಿ ಮಾತ್ರ. ಆಮೇಲೆ ಅವಳೇ ಒಂದು ಕೆಲಸ ಹುಡುಕಿಕೊಂಡಳು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ದೇವಾಂಗದ ಒಬ್ಬರು ಅಮ್ಮ ಇದ್ದಾರೆ, 74 ವರ್ಷ. ಹುಟ್ಟಿನಿಂದ ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡ ಅಕ್ಷರ ಒಂದೂ ಬರುತ್ತಿರಲಿಲ್ಲ. "ನಮ್ಮ ಮಾತನ್ನ ಬರೆದಿರೋದು ಒಂದ್ಸಲ ಓದ್ಬೇಕು" ಎಂದರಂತೆ. ಈಗ ದಿನಾ ಹನ್ನೊಂದರಿಂದ ಹನ್ನೆರಡು ಪಾಠ. ಕ, ಖ, ಗ, ಘ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ, ಅದಕ್ಕೇ ಮೊದಲು ಬಹಳ ತಡವರಿಸಿದರು. ಅದು ದಾಟಿತು. ಕಾಗುಣಿತವೂ ಮುಗಿಯಿತು. ಈ ವಾರ ಒತ್ತಕ್ಷರಕ್ಕೆ ಬಂದಿದ್ದಾರೆ. ನಿನ್ನೆ ಊಟದ ಹಾಲ್‌ಗೆ ಸ್ಲೇಟು ಹಿಡಿದುಕೊಂಡೇ ಬಂದರು. ಅದರಲ್ಲಿ "ಅಮ್ಮ" ಎಂದು ಬರೆದಿತ್ತು. ಮ ಕೆಳಗಿನ ಒತ್ತು ಸ್ವಲ್ಪ ದೂರ ಸರಿದಿತ್ತು. ನನ್ನಾಕೆ ತಟ್ಟೆ ಬದಿಗಿಟ್ಟು, ಬೆರಳಿನಿಂದ ಅದನ್ನು ಒರೆಸಿ, ಸರಿಯಾಗಿ ಎಲ್ಲಿ ಬರೆಯಬೇಕು ಎಂದು ತೋರಿಸಿದಳು. ಅನ್ನ ಆರುತ್ತಿತ್ತು. ಇಬ್ಬರಿಗೂ ಅದರ ಕಡೆ ಗಮನ ಇರಲಿಲ್ಲ.